ಆಸ್ಪಿರಿನ್ ಯಾರಿಗೆ ಬೇಕು, ಯಾರಿಗೆ ಬೇಡ

ಅರವತ್ತು ದಾಟಿದವರಿರುವ ಅನೇಕ ಮನೆಗಳಲ್ಲಿ ಬಿಪಿ, ಶುಗರ್ ಮಾತ್ರೆಗಳ ಜೊತೆಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೂಡ ಇರುತ್ತದೆ. ಹಾರ್ಟ್ ಅಟ್ಯಾಕ್ ಆದವರೂ ಅದನ್ನು ನುಂಗುತ್ತಾರೆ, ಆಗದಿರಲಿ ಎಂದುಕೊಳ್ಳುವವರೂ ನುಂಗುತ್ತಾರೆ. ಈ ಇಬ್ಬರ ಲೆಕ್ಕ ಒಂದೇ ಅಲ್ಲ.

‘ರಕ್ತ ತೆಳು ಮಾಡುವ ಮಾತ್ರೆ’ ಎಂಬುದು ರೂಢಿಯ ಮಾತು. ಆಸ್ಪಿರಿನ್ ಮಾಡುವುದು ಬೇರೆ ಕೆಲಸ: ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವ ಇದೇ ಗುಣ, ಹೊಟ್ಟೆಯ ಹುಣ್ಣಿನಿಂದ ಒಸರುವ ರಕ್ತವನ್ನೂ ಬೇಗ ನಿಲ್ಲಗೊಡುವುದಿಲ್ಲ.

ಅಟ್ಯಾಕ್ ಆದವರಿಗೆ ಇದರ ಲಾಭ ದೊಡ್ಡದು. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಅಟ್ಯಾಕ್ ಶಂಕೆಯಿಂದ ದಾಖಲಾದ 17,187 ಜನರಿದ್ದರು. ಒಂದು ತಿಂಗಳ ಆಸ್ಪಿರಿನ್‌ನಿಂದ, ಮೊದಲ ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಯಿಂದಾಗುವ ಸಾವು ಶೇ. 11.8ರಿಂದ 9.4ಕ್ಕೆ ಇಳಿಯಿತು.

ಹೃದ್ರೋಗವೇ ಇಲ್ಲದವರ ಕಥೆ 2018ರಲ್ಲಿ ತಿಳಿಯಿತು. ಅಸೆಂಡ್ ಅಧ್ಯಯನದಲ್ಲಿ 15,480 ಮಧುಮೇಹಿಗಳನ್ನು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. ಸಾವಿರ ಜನರಲ್ಲಿ ಸುಮಾರು 11 ಮಂದಿಗೆ ಅಟ್ಯಾಕ್, ಪಾರ್ಶ್ವವಾಯುವಿನಂಥ ತೊಂದರೆ ತಪ್ಪಿತು. ಸುಮಾರು 9 ಮಂದಿಗೆ ಗಂಭೀರ ರಕ್ತಸ್ರಾವ ಹೆಚ್ಚಾಯಿತು. ಆಸ್ಟ್ರೇಲಿಯಾ, ಅಮೆರಿಕದ 19,114 ಆರೋಗ್ಯವಂತ ಹಿರಿಯರ ಆಸ್ಪ್ರೀ ಅಧ್ಯಯನದಲ್ಲಂತೂ ಹೃದ್ರೋಗ ಗಮನಾರ್ಹವಾಗಿ ಇಳಿಯಲಿಲ್ಲ, ರಕ್ತಸ್ರಾವ ಮಾತ್ರ ಏರಿತು. 2022ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ, 60 ದಾಟಿದವರು ಮುನ್ನೆಚ್ಚರಿಕೆಗೆಂದು ಹೊಸದಾಗಿ ಆಸ್ಪಿರಿನ್ ಶುರು ಮಾಡಬಾರದು ಎಂದಿತು. 40ರಿಂದ 59ರೊಳಗಿನ, ಹೃದ್ರೋಗದ ಅಪಾಯ ಹೆಚ್ಚಿರುವವರ ವಿಷಯವನ್ನು ವೈದ್ಯರ ಮತ್ತು ರೋಗಿಯ ವಿವೇಚನೆಗೆ ಬಿಟ್ಟಿತು.

ಇದನ್ನು ಅರ್ಧ ಕೇಳಿಸಿಕೊಂಡರೆ ಅಪಾಯ. ಸ್ಟೆಂಟ್ ಹಾಕಿಸಿಕೊಂಡವರು ‘ಆಸ್ಪಿರಿನ್ ಒಳ್ಳೆಯದಲ್ಲವಂತೆ’ ಎಂದು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೆ ಕುತ್ತು ಬರಬಹುದು. ಈ ಸಂಶೋಧನೆಗಳು ಅವರನ್ನು ಕುರಿತದ್ದೇ ಅಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಆಸ್ಪಿರಿನ್ ಒಳ್ಳೆಯದೋ ಕೆಟ್ಟದ್ದೋ’ ಎಂಬುದಲ್ಲ, ‘ಇವರಿಗೆ ಏತಕ್ಕಾಗಿ ಬರೆದದ್ದು’ ಎಂಬುದು. ಊರಿನ ಡಾಕ್ಟರು ಬರೆದ ಚೀಟಿ ಹಿಡಿದು ತಂದೆತಾಯಿ ಪುಣೆಗೋ ಹೈದರಾಬಾದಿಗೋ ಮಕ್ಕಳ ಮನೆಗೆ ಬರುತ್ತಾರೆ. ಅಲ್ಲಿನ ಡಾಕ್ಟರು ಹಳೆಯದನ್ನೇ ಮುಂದುವರಿಸುತ್ತಾರೆ. ನಡುವೆ ವಯಸ್ಸು ಎಂಬತ್ತಾಗಿರುತ್ತದೆ, ಮಂಡಿನೋವಿಗೆ ಡೈಕ್ಲೋಫೆನಾಕ್ ಸೇರಿ ರಕ್ತಸ್ರಾವದ ಅಪಾಯ ಇನ್ನಷ್ಟು ಏರಿರುತ್ತದೆ. ಮಲ ಡಾಂಬರಿನಂತೆ ಕಪ್ಪಾಗುವವರೆಗೂ ಯಾರಿಗೂ ತಿಳಿಯುವುದಿಲ್ಲ.

ಆಸ್ಪಿರಿನ್ ಬರೆಯುವ ವೈದ್ಯರು ಅದರ ಪಕ್ಕದಲ್ಲೇ ಕಾರಣವನ್ನೂ ಬರೆಯಬೇಕು: ‘ಸ್ಟೆಂಟ್ ಇದೆ’, ‘ಪಾರ್ಶ್ವವಾಯು ಆಗಿತ್ತು’ ಎಂದು ಎರಡೇ ಪದ ಸಾಕು. ಕಾರಣವಿಲ್ಲದ ಚೀಟಿ ಕಂಡಾಗ ಮಕ್ಕಳು ಕೇಳಬೇಕು, ವರ್ಷಕ್ಕೊಮ್ಮೆಯಾದರೂ ಕೇಳಬೇಕು. ನಿಲ್ಲಿಸುವ ತೀರ್ಮಾನ ಮಾತ್ರ ವೈದ್ಯರದೇ ಆಗಿರಲಿ.