ಹಾಲಿನ ಹಂಚಿಕೆ, ಎಮ್ಮೆಯ ಲೆಕ್ಕ

ಹಾಲು ಹಿಂಡುವುದಕ್ಕೂ ಸರಕಾರವು ಮಿತಿಯನ್ನು ಗೊತ್ತುಪಡಿಸಿತ್ತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಒಕ್ಕಲಿಗರು ನಂಬಲಾರರು. ಯುರೋಪಿನ ಒಕ್ಕೂಟದ ದೇಶಗಳಲ್ಲಿ 1984ರಿಂದ 2015ರ ವರೆಗೆ ಅದೇ ನಡೆಯಿತು. ಹಾಲು ಮಿಗಿಲಾಗಿ ಉಗ್ರಾಣಗಳಲ್ಲಿ ಬೆಣ್ಣೆಯು ರಾಶಿಬಿದ್ದುದರಿಂದ ಹೈನುಗಾರರಿಗೆ ಕೋಟಾ ಹಂಚಲಾಯಿತು. ಅದನ್ನು ಮೀರಿದರೆ ದಂಡ ತೆರಬೇಕಿತ್ತು.

ನಮ್ಮ ದೇಶದ ಒಕ್ಕಲಿಗನಿಗೆ ಇಂಥ ಕೋಟಾ ಬರಲಿಲ್ಲ. 1992ರ ಕೇಂದ್ರ ಆಜ್ಞೆಯು ಡೇರಿಗಳಿಗೆ ಹಾಲು ಸಂಗ್ರಹಿಸುವ ಸೀಮೆಗಳನ್ನು ಹಂಚಿತ್ತು. 2002ರಲ್ಲಿ ಆ ಪದ್ಧತಿಯೂ ರದ್ದಾಯಿತು. ಈಗ ಹಂಚಿಕೆಯಾಗುವುದು ಅನುದಾನ. 2024ರಲ್ಲಿ ಮಹಾರಾಷ್ಟ್ರ ಸರಕಾರವು ಲೀಟರಿಗೆ 5 ರೂಪಾಯಿ ಘೋಷಿಸಿತು. ಅದು ಆಕಳ ಹಾಲಿಗೆ ಮಾತ್ರ, ಕಿವಿಯಲ್ಲಿ 12 ಅಂಕಿಗಳ ಬಿಲ್ಲೆಯಿದ್ದರೆ ಮಾತ್ರ. ಹಾಲಿನ ಪುಡಿಯ ಬೆಲೆಯಿಳಿದು ಆಕಳ ಹಾಲಿನ ದರ ಕುಸಿದಿದ್ದುದು ನಿಜ. ಆದರೆ ಮೇವಿನ ಬೆಲೆ ಎಮ್ಮೆಗೂ ಒಂದೇ ಅಲ್ಲವೇ? ಜೋಳದ ಕಣಿಕೆ ಮೇದು, ಬಿಸಿಲನ್ನು ತಾಳಿ ಹಾಲೆರೆಯುವ ಪಂಢರಪುರಿ ಎಮ್ಮೆಯು ನಮ್ಮ ಜಿಲ್ಲೆಯದೇ ತಳಿ. ಅದನ್ನು ನೆಚ್ಚಿದ ಬಡ ಮನೆಗಳು ಲೆಕ್ಕದಿಂದ ಹೊರಗುಳಿದವು.

ಗಡಿಯಾಚೆ ಕರ್ನಾಟಕದಲ್ಲಿ 2008ರಲ್ಲಿ 2 ರೂಪಾಯಿಯಿಂದ ಮೊದಲಾದ ಪ್ರೋತ್ಸಾಹಧನವು 2016ರಲ್ಲಿ 5 ರೂಪಾಯಿಗೇರಿತು. ಸಹಕಾರಿ ಸಂಘಕ್ಕೆ ಹಾಲು ಹಾಕುವವರಿಗೆ ಅದು ಸಲ್ಲುತ್ತದೆ. ಇಲ್ಲಿಯ ಅನುದಾನವಾದರೋ ತಿಂಗಳುಗಳ ಗಡುವಿನದಾಗಿತ್ತು.

ಎಮ್ಮೆಯ ಹಾಲನ್ನೂ ಇಂಥ ಯೋಜನೆಗಳಲ್ಲಿ ಸೇರಿಸಬೇಕೆಂದು ನಾವು ಕೇಳೋಣ. ಅಷ್ಟರಲ್ಲಿ ದನಗಳಿಗೆ ಬಿಲ್ಲೆ ಹಾಕಿಸಿ, ಬ್ಯಾಂಕಿನ ಖಾತೆಯನ್ನು ಸರಿಪಡಿಸಿಕೊಳ್ಳಬೇಕು. ಮರಾಠಿ ಅರ್ಜಿಯನ್ನು ಓದಲಾರದ ಹಿರಿಯರಿಗೆ ಅದನ್ನು ಕನ್ನಡದಲ್ಲಿ ತಿಳಿಯಹೇಳಿ ತುಂಬಿಕೊಡುವುದು ನಮ್ಮ ಹಳ್ಳಿಗಳ ಕಲಿತ ತರುಣರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.