ತಟ್ಟೆಯ ಚಿಲ್ಲರೆ

ಸುಲ್ತಾನ್ ಬಜಾರಿನ ಹೋಟೆಲುಗಳಲ್ಲಿ ಬಿಲ್ಲಿನ ತಟ್ಟೆಯಲ್ಲಿ ಈಗ ಉಳಿಯುವುದು ಹೆಚ್ಚಾಗಿ ಸೋಂಪಿನ ಕಾಳು ಮಾತ್ರ. 2016ರಲ್ಲಿ ಯುಪಿಐ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ದೊಡ್ಡ ನೋಟುಗಳೂ ರದ್ದಾದುವು. ಅಂದಿನಿಂದ ಗಿರಾಕಿಯ ಹಣವು ಮೊಬೈಲಿನಿಂದ ನೇರವಾಗಿ ಮಾಲೀಕರ ಖಾತೆಗೆ ಸೇರುವ ರೂಢಿ ಬೆಳೆಯುತ್ತಲೇ ಬಂದಿದೆ. ಚಿಲ್ಲರೆಯ ಜಗಳ ತಪ್ಪಿತೆಂಬುದೇನೋ ನಿಜ. ಆದರೆ ಆ ಚಿಲ್ಲರೆಯಲ್ಲಿ ಸಪ್ಲಾಯರನ ಪಾಲೂ ಇದ್ದಿತು.

ಸೇವಾಶುಲ್ಕವನ್ನು ಬಿಲ್ಲಿಗೆ ತಾವಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚಿಸಿತು. ದೆಹಲಿ ಹೈಕೋರ್ಟು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ನ್ಯಾಯವೇ ಸರಿ. ಆದರೆ ಇನ್ನು ಭಕ್ಷೀಸೂ ಬೇಡವೆಂದು ನಮ್ಮ ಗುಮಾಸ್ತ ಬಂಧುಗಳು ಅರ್ಥ ಮಾಡಿಕೊಳ್ಳಬಾರದು. ಗಿರಾಕಿಯು ಮನಸಾರೆ ಕೊಡುವುದಕ್ಕೆ ಅಡ್ಡಿಯೇನೂ ಇಲ್ಲ.

ಹೋಟೆಲು ನಡೆಸುತ್ತಿದ್ದಾಗ "ಮೇಲಿನದು ಸಿಗುತ್ತದಲ್ಲ" ಎಂದು ಸಂಬಳದಲ್ಲಿ ಕೈ ಬಿಗಿ ಹಿಡಿದವರಲ್ಲಿ ನಾವೂ ಒಬ್ಬರು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಮೇಲಿನದು ಈಗ ಬತ್ತುತ್ತಿದೆ. ಮಾಲೀಕ ಮಿತ್ರರು ಅದನ್ನು ಲೆಕ್ಕ ಹಾಕಿ ಸಂಬಳಕ್ಕೇ ಸೇರಿಸುವುದು ಉಚಿತ. ಅಲ್ಲಿಯವರೆಗೆ ವಾಚಕರು ಜೇಬಿನಲ್ಲಿ ಹತ್ತು ರೂಪಾಯಿಯ ನಾಣ್ಯವೊಂದನ್ನು ಇಟ್ಟುಕೊಂಡು ಬರಲಿ. ಅದನ್ನು ಗಲ್ಲಾದ ಮೇಲಲ್ಲ, ನೀರು ತಂದಿಟ್ಟ ಹುಡುಗನ ಕೈಯಲ್ಲಿಡಲಿ.