ಗೆರೆ ಎಳೆದವರು ಯಾರು?

ಈಚೆಗೆ ನೌಬಾದದಲ್ಲಿ ನಡೆದ ಒಂದು ಸಮಾರಂಭದಲ್ಲಿ ಉದ್ಯಮಿಗಳೊಬ್ಬರು ಭಾಷಣ ಮಾಡುತ್ತ, ಉತ್ಪಾದನೆಯನ್ನು ತಾನಾಗಿಯೇ ಎಣಿಸುವ ಕ್ಯಾಮೆರಾಗಳನ್ನು ತಮ್ಮ ಕಾರ್ಖಾನೆಯಲ್ಲಿ ಕೂಡಿಸಿರುವುದಾಗಿ ಹೆಮ್ಮೆಯಿಂದ ತಿಳಿಸಿದರು. “ಮೇಸ್ತ್ರಿಗೆ ತನ್ನವರು, ಪರರು ಎಂಬ ಭೇದವುಂಟು, ಕ್ಯಾಮೆರಾಕ್ಕೆ ಅದಿಲ್ಲ. ಪ್ರಾಮಾಣಿಕವಾಗಿ ದುಡಿಯುವವನಿಗೆ ಅದರ ಭಯವೇಕೆ?” ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿಯೇ ಈ ಬರಹ.

ಈ ಯಂತ್ರದ ಕಣ್ಣು ಕೆಲಸ ಮಾಡುವ ರೀತಿ ಬಹಳ ಗಹನವೇನಲ್ಲ. ಸರಕು ಸಾಗುವ ಪಟ್ಟಿಯ ಮೇಲೆ, ಎತ್ತರದಲ್ಲಿ, ಒಂದು ಕ್ಯಾಮೆರಾ ಕೂಡಿಸುತ್ತಾರೆ. ಅದು ತೋರುವ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಡಬ್ಬಿಯೊಂದು ಗೆರೆ ದಾಟಿತೆಂದರೆ ಲೆಕ್ಕ ಒಂದು ಏರುತ್ತದೆ. ಎರಡು ಡಬ್ಬಿಗಳು ಮೈಗೆ ಮೈ ತಾಗಿಸಿಕೊಂಡು ಬಂದರೆ ಒಂದೆಂದು ಎಣಿಸೀತು. ಗಾಜಿಗೆ ಧೂಳು ಕೂತರೆ, ಕೈ ಅಡ್ಡ ಬಂದರೆ ಲೆಕ್ಕ ತಪ್ಪೀತು. ಇವೆಲ್ಲ ತಿದ್ದಿಕೊಳ್ಳಬಹುದಾದ ದೋಷಗಳು. ಇವುಗಳಿಗಾಗಿ ನಾನು ಲೇಖನಿ ಎತ್ತುತ್ತಿರಲಿಲ್ಲ. ಆದರೆ ಮುಂದಿನ ಹೆಜ್ಜೆ ಬೇರೆ. ಕೆಲಸಗಾರ ನಿಲ್ಲುವ ಜಾಗದ ಸುತ್ತಲೂ ಒಂದು ಚೌಕ ಬರೆಯುತ್ತಾರೆ. ಆತ ಚೌಕದೊಳಗಿದ್ದರೆ ದುಡಿಮೆ, ಹೊರಗಿದ್ದರೆ ಸೋಮಾರಿತನ! ಕ್ಯಾಮೆರಾಕ್ಕೆ ಪಕ್ಷಪಾತವಿಲ್ಲವೆಂಬುದು ನಿಜ. ಆದರೆ ಚೌಕ ಬರೆದದ್ದು ಕ್ಯಾಮೆರಾ ಅಲ್ಲ, ಮನುಷ್ಯ. ಅದೂ ಸಂಬಳ ಕೊಡುವ ಕಡೆಯ ಮನುಷ್ಯ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಔರಾದ ಕಡೆಯವನು. ನೌಬಾದದ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸದಲ್ಲಿದ್ದಾನೆ. ತಿಂಗಳ ಕೊನೆಗೆ ಅವನ ಹೆಸರಿನ ಮುಂದೆ ಗಂಟೆಗಟ್ಟಲೆ ‘ಖಾಲಿ ಸಮಯ’ ತೋರಿಸಿ ಬೋನಸ್ ಕಡಿದರಂತೆ. “ಸರ, ನಾ ಖಾಲಿ ಕುಂತಿಲ್ರಿ. ಮಷೀನಿನ ಬಾಯಿಗಿ ಪುಡಿ ಕಟ್ಟಿತ್ತು, ಬಿಡಿಸ್ಲಾಕ ಹಿಂದ ಹೋಗಿದ್ದೆರಿ. ಕ್ಯಾಮೆರಾಕ್ಕ ಹಿಂದಿಂದು ಕಾಣಲ್ರಿ,” ಎಂದ. ಚಿತ್ರ ತೋರಿಸಿರೆಂದು ಕೇಳಿದ್ದಕ್ಕೆ, ಅದು ಕೆಲಸಗಾರರಿಗೆ ತೋರಿಸುವಂಥದ್ದಲ್ಲವೆಂಬ ಉತ್ತರ ಬಂತಂತೆ. ಮೇಸ್ತ್ರಿಯೊಡನೆಯಾದರೆ ಜಗಳವಾಡಬಹುದಿತ್ತು. ಗೋಡೆಯ ಮೇಲಿನ ಕಣ್ಣಿನೊಡನೆ ಜಗಳವಾಡುವುದು ಹೇಗೆ?

ಈ ಕಥೆ ಹೊಸದೇನಲ್ಲ. ಅಮೆರಿಕದ ಟೇಲರ್ ಮಹಾಶಯ ಸ್ಟಾಪ್‌ವಾಚು ಹಿಡಿದು ಕೂಲಿಯವರ ಒಂದೊಂದು ಚಲನೆಯನ್ನೂ ಅಳೆಯುವ ಶಾಸ್ತ್ರವನ್ನು 1911ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ. ಅದೇ ವರ್ಷ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದ ಅಚ್ಚಿನ ಕೆಲಸಗಾರರು ಆ ಗಡಿಯಾರವನ್ನು ಪ್ರತಿಭಟಿಸಿ ಕೆಲಸ ಬಿಟ್ಟು ಹೊರಬಂದರು. 1915ರಲ್ಲಿ ಅಲ್ಲಿನ ಸಂಸತ್ತು ಸರ್ಕಾರಿ ಶಸ್ತ್ರಾಗಾರಗಳಲ್ಲಿ ಅದರ ಬಳಕೆಗೆ ಹಣವಿಲ್ಲವೆಂದು ವಿಧಿಸಿತು. 1936ರ ತನ್ನ ಚಿತ್ರದಲ್ಲಿ ಚಾಪ್ಲಿನ್, ಶೌಚಗೃಹದ ಗೋಡೆಯ ಮೇಲೂ ಧಣಿಯ ಮುಖ ಮೂಡಿ ಗದರಿಸುವುದನ್ನು ತೋರಿಸಿ ಲೋಕವನ್ನು ನಗಿಸಿದ. 2025ರ ಫೆಬ್ರವರಿಯಲ್ಲಿ ಅದೇ ಅಮೆರಿಕದ ಒಂದು ಹೊಸ ಸಂಸ್ಥೆ ತನ್ನ ಕ್ಯಾಮೆರಾದ ಜಾಹೀರಾತಿನಲ್ಲಿ, ಕೆಲಸಗಾರನೊಬ್ಬನನ್ನು ಹೆಸರಿನಿಂದಲ್ಲ, ‘ಹದಿನೇಳನೆಯ ನಂಬರ್’ ಎಂದು ಕರೆದು ಗದರಿಸುವ ದೃಶ್ಯವನ್ನು ತೋರಿಸಿತು. ಈ ಸಲ ಯಾರೂ ನಗಲಿಲ್ಲ. ಛೀಮಾರಿ ಎಷ್ಟಾಯಿತೆಂದರೆ ಪ್ರಚಾರ ಕೊಟ್ಟವರು ಅದನ್ನು ಹಿಂತೆಗೆದುಕೊಂಡರು.

ದೂರದ ಮಾತು ಬಿಡೋಣ. ನಮ್ಮ ಬಿದರಿ ಕೆಲಸಗಾರನನ್ನೇ ನೋಡೋಣ. ಸತು–ತಾಮ್ರದ ಪಾತ್ರೆಯ ಮೇಲೆ ಬೆಳ್ಳಿ ಕೂಡಿಸಿದ ಬಳಿಕ ಅದಕ್ಕೆ ಕಪ್ಪು ಬಣ್ಣ ಬರುವುದು ಬೀದರ ಕೋಟೆಯ ಮಣ್ಣಿನಿಂದ. ಆ ಮಣ್ಣು ತಕ್ಕದ್ದೋ ಅಲ್ಲವೋ ಎಂಬುದನ್ನು ಅವನು ನಾಲಿಗೆಗೆ ಹಚ್ಚಿ ರುಚಿ ನೋಡಿ ನಿರ್ಧರಿಸುತ್ತಾನೆ. ಅವನ ತಲೆಯ ಮೇಲೆ ಕ್ಯಾಮೆರಾ ಇಟ್ಟರೆ ಅದು ಏನೆಂದು ಬರೆದುಕೊಂಡೀತು? “ಕೈ ನಿಂತಿದೆ, ಬಾಯಿ ಆಡುತ್ತಿದೆ, ಸಮಯ ಖಾಲಿ.” ಪಾತ್ರೆಯ ಕಪ್ಪೆಲ್ಲ ಆ ಖಾಲಿ ಸಮಯದಲ್ಲೇ ಇದೆ!

ಹೀಗೆನ್ನುವುದರಿಂದ ನಾನು ಯಂತ್ರದ್ವೇಷಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಡಬ್ಬಿಗಳನ್ನು ಎಣಿಸಲಿ, ಸೋರುವ ಕೊಳವೆಯನ್ನು, ಹೊಗೆಯನ್ನು ಕಂಡು ಕೂಗಲಿ. ಮೈಗಳ್ಳರಿಲ್ಲವೆಂದೂ ನಾನು ವಾದಿಸುವುದಿಲ್ಲ. ಅಂಥವರಿಗೆ ನೀತಿ ಹೇಳುವಾಗ ನಮ್ಮ ಧಣಿಗಳು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯುತ್ತಾರೆ: ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಆಕೆ ಹಿಂದಕ್ಕೆ ಕಳಿಸಿದಳು. ಕಲ್ಯಾಣವಿರುವ ಜಿಲ್ಲೆಯಲ್ಲಿ ಈ ಕಥೆ ಸಲ್ಲತಕ್ಕದ್ದೇ. ಆದರೆ ತನಗೆ ಸಲ್ಲದ್ದು ಬೇಡವೆಂಬ ನೀತಿ ದುಡಿಯುವವನಿಗೆ ಮಾತ್ರವೆ? ದುಡಿಸಿಕೊಳ್ಳುವವನು ತಪ್ಪು ಲೆಕ್ಕದಿಂದ ಉಳಿಸಿಕೊಂಡ ಹಣವೂ ಹೆಚ್ಚಿನ ಅಕ್ಕಿಯೇ ಅಲ್ಲವೆ?

ಲೆಕ್ಕ ಒಂದೇ ಕಡೆಯವರ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಂಡೆವು. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿವಾದ ಸಿಡಿದು ಗಾಜು, ಯಂತ್ರಗಳೆಲ್ಲ ಪುಡಿಯಾದುವು. ಆ ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಆ ಸಂಸ್ಥೆಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ಆ ಮಾತನ್ನು ಕಲ್ಲು ಬೀಳುವ ಮೊದಲೇ ಕೇಳಿಸಿಕೊಳ್ಳುವ ಕಿವಿ ಬೇಕಾಗಿತ್ತು. ನಾವು ಕಣ್ಣುಗಳನ್ನು ಹೆಚ್ಚಿಸುತ್ತಿದ್ದೇವೆ, ಕಿವಿಗಳನ್ನಲ್ಲ.

ಕಾನೂನು ಕಾಯುತ್ತದೆಯೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ, ಉದ್ಯೋಗದ ಉದ್ದೇಶಗಳಿಗಾದರೆ ನೌಕರನ ಒಪ್ಪಿಗೆಯಿಲ್ಲದೆಯೂ ಅವನ ಮಾಹಿತಿಯನ್ನು ಬಳಸಲು ಎಡೆಗೊಟ್ಟಿದೆ. ಕೋರ್ಟು ಹಾಕಿದ ಬಾಗಿಲನ್ನು ಕಾಯಿದೆ ಅರ್ಧ ತೆರೆದಿಟ್ಟಂತಾಯಿತು.

ನಾನು ಕೇಳುವುದು ಹೆಚ್ಚಿನದೇನಲ್ಲ. ಕ್ಯಾಮೆರಾ ಸರಕಿನ ಕಡೆ ನೋಡಲಿ, ಮುಖದ ಕಡೆ ಬೇಡ. ಗೆರೆಯನ್ನೂ ಚೌಕವನ್ನೂ ಬರೆಯುವಾಗ ಕೆಲಸಗಾರರ ಪ್ರತಿನಿಧಿಯೊಬ್ಬ ಪಕ್ಕದಲ್ಲಿರಲಿ. ತನ್ನ ಬಗ್ಗೆ ಬರೆದುಕೊಂಡದ್ದನ್ನು ನೋಡುವ, ತಪ್ಪೆನ್ನುವ ಹಕ್ಕು ಅವನಿಗಿರಲಿ. ಯಂತ್ರದ ಮಾತೊಂದನ್ನೇ ಸಾಕ್ಷಿಯಾಗಿಟ್ಟುಕೊಂಡು ಯಾರ ಸಂಬಳವನ್ನೂ ಕಡಿಯದಿರಲಿ.

ಪ್ರಾಮಾಣಿಕನಿಗೆ ಭಯವೇಕೆಂದು ಆ ಉದ್ಯಮಿಗಳು ಕೇಳಿದರು. ಅದೇ ಪ್ರಶ್ನೆಯನ್ನು ನಾನು ಅವರಿಗೇ ಹಿಂದಿರುಗಿಸುತ್ತೇನೆ. ಲೆಕ್ಕ ಪ್ರಾಮಾಣಿಕವಾಗಿದ್ದರೆ, ಅದನ್ನು ನನ್ನ ವಿದ್ಯಾರ್ಥಿಗೆ ತೋರಿಸಲು ಭಯವೇಕೆ?